ಯಾದಮ್ಮ ಒಪ್ಪಿದ್ದು ಯಾವಾಗ?

ಇದು 1988ರ ಮಾತು. ಆಗ ನಾನು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೆ. ನಮ್ಮ ಮನೆ ಹೈದರಾಬಾದಿನ ಜೀಡಿಮೆಟ್ಲಾ ಕಡೆಯ ಒಂದು ಸಣ್ಣ ಕಾಲನಿಯಲ್ಲಿತ್ತು. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಫೋರ್‌ಮನ್. ನಮ್ಮ ಓಣಿಯ ಇಪ್ಪತ್ತೆರಡು ಮನೆಗಳಲ್ಲಿ ಒಂಬತ್ತು ಮನೆಯವರು ವಿಜಾಪುರ, ಗುಲ್ಬರ್ಗಾ, ರಾಯಚೂರು ಕಡೆಯಿಂದ ಬಂದವರು. ಈ ಲೆಕ್ಕ ನನ್ನ ಡೈರಿಯಲ್ಲಿದೆ. ಒಂಬತ್ತನೆಯ ತರಗತಿಯಿಂದ ನಾನು ಒಂದು ದಿನವೂ ತಪ್ಪದೆ ಡೈರಿ ಬರೆಯುತ್ತಾ ಬಂದಿದ್ದೇನೆ. ಮನಸ್ಸಿಗೆ ಏನು ಅನ್ನಿಸಿತು ಎಂಬುದು ಅದರಲ್ಲಿ ಕಡಿಮೆ. ಎಷ್ಟು ಗಂಟೆಗೆ, ಎಷ್ಟು ಜನ, ಎಷ್ಟು ಸಲ ಎಂಬುದೇ ಹೆಚ್ಚು. ಈ ಅಭ್ಯಾಸದಿಂದ ಒಬ್ಬ ಹೆಂಗಸಿನ ಹೊಟ್ಟೆಪಾಡು ಹೋಗುವುದರಲ್ಲಿತ್ತು, ಇದೇ ಅಭ್ಯಾಸದಿಂದ ಉಳಿಯಿತು ಕೂಡ. ಅದು ಹೇಗೆ ಎಂಬುದು ನನಗೆ ಈಗಲೂ ಪೂರ್ತಿ ಬಗೆಹರಿದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಕಾಲನಿಯ ಹಿಂದೆ ಒಂದು ಕುಂಟೆ, ಅಂದರೆ ಸಣ್ಣ ಕೆರೆ ಇತ್ತು. ಈಚೆ ದಂಡೆಯಲ್ಲಿ ಅಗಸರು ಬಟ್ಟೆ ಒಗೆಯುವ ಘಾಟು, ಆಚೆ ದಂಡೆಯಲ್ಲಿ ಎಮ್ಮೆ ಸಾಕುವವರ ಕೊಟ್ಟಿಗೆಗಳು. ಕಾರ್ಖಾನೆಗಳ ಕಡೆಯಿಂದ ಬರುವ ನಾಲೆಯೂ ಅಲ್ಲಿಗೇ ಬಂದು ಸೇರುತ್ತಿತ್ತು. ಹಿಂದಿನ ವರ್ಷದ ದೀಪಾವಳಿಯ ಹೊತ್ತಿಗೆ ನಮ್ಮ ಕಾಲನಿಯ ಬೋರಿನ ನೀರು ಹಳದಿಗೆ ತಿರುಗಿತು. ಕುದಿಸಿದರೂ ಹೋಗದ, ತುಕ್ಕಿನದೋ ಕೊಳೆತದ್ದೋ ಹೇಳಲಾಗದ ಒಂದು ವಾಸನೆ. ಅವ್ವ ಅನ್ನಕ್ಕೆ ನೀರು ಇಡುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ತಪ್ಪು ಯಾರದು ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಉತ್ತರ ಸಿದ್ಧವಿತ್ತು. ಕಾಲನಿಯವರು ಕಾರ್ಖಾನೆಗಳತ್ತ ಕೈ ತೋರಿಸುತ್ತಿದ್ದರು. ಕಾರ್ಖಾನೆಯವರು ಅಗಸರ ಸೋಡಾ ಮತ್ತು ಬಿಳುಪಿನ ಪುಡಿಯತ್ತ ತೋರಿಸುತ್ತಿದ್ದರು. ಅಗಸರು ಎಮ್ಮೆಗಳತ್ತ, ಎಮ್ಮೆಯವರು ತಿರುಗಿ ನಮ್ಮ ಕಾಲನಿಯ ಗಟಾರದತ್ತ. ನಮ್ಮ ಓಣಿಯಲ್ಲಿದ್ದ ನಿವೃತ್ತ ಲೆಕ್ಚರರ್ ಮೂರ್ತಿ ಮಾಸ್ತರರು ಒಂದು ತಿಂಗಳು ಕೊಡೆ ಹಿಡಿದುಕೊಂಡು ಈ ನಾಲ್ಕೂ ಕಡೆ ಓಡಾಡಿದರು. ಬೇರೆ ಬೇರೆ ಕೂತು ಬೈದುಕೊಳ್ಳುವುದಕ್ಕಿಂತ ಒಂದೇ ಕೋಣೆಯಲ್ಲಿ ಕೂತು ಬೈದುಕೊಳ್ಳೋಣ ಎಂಬುದು ಅವರ ವಾದ. ನೀರಿನ ಕಚೇರಿಯ ಜೂನಿಯರ್ ಇಂಜಿನಿಯರನ್ನೂ ಅವರೇ ಒಪ್ಪಿಸಿ ಕರೆತಂದರು. ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಕಾಲನಿಯ ಸಂಘದ ಕೋಣೆಯಲ್ಲಿ ಸಭೆ ಎಂದು ನಿಗದಿಯಾಯಿತು.

ಅಪ್ಪ ಸಂಘದ ಕಾರ್ಯದರ್ಶಿ. ನಡಾವಳಿ ಬರೆಯುವ ಕೆಲಸ ಅಪ್ಪನದು. ಆದರೆ ಅಪ್ಪನ ಅಕ್ಷರ ಅಪ್ಪನಿಗೇ ಓದಲು ಬರುತ್ತಿರಲಿಲ್ಲ. "ಸುನಂದಾ, ನೀನ ಬರಿ. ನಿನಗ ನಾಕು ಭಾಷಾ ಬರ್ತಾವ, ಮ್ಯಾಲ ಎಣಸೂ ಚಟಾನೂ ಐತಿ" ಎಂದರು. ನನಗೂ ಖುಷಿಯಾಯಿತು. ಒಂದು ಉದ್ದನೆಯ ರಿಜಿಸ್ಟರ್ ತಂದು ಗೆರೆ ಹೊಡೆದೆ. ಹೆಸರು, ಯಾರ ಪರವಾಗಿ, ಎಷ್ಟು ಸಲ ಮಾತಾಡಿದರು, ಆಕ್ಷೇಪ ಇದೆಯೋ ಇಲ್ಲವೋ. ಕೊನೆಯಲ್ಲಿ ಸಣ್ಣದೊಂದು ಕಾಲಂ ಚಹಾದ್ದು. ಚಹಾ ನಮ್ಮ ಮನೆಯಿಂದ ಹೋಗುತ್ತಿತ್ತು. ಸ್ಟೀಲ್ ಲೋಟಗಳು ಅಕ್ಕಪಕ್ಕದ ಮನೆಗಳಿಂದ ಎರವಲು ತಂದವು. ಎಣಿಸಿ ಕೊಡದಿದ್ದರೆ ಅವ್ವ ಸುಮ್ಮನಿರುತ್ತಿರಲಿಲ್ಲ.

ಮೊದಲ ಸಭೆ ಜನವರಿ ಹತ್ತರಂದು. ಹದಿಮೂರು ಜನ ಬಂದಿದ್ದರು. ಕಾರ್ಖಾನೆಗಳ ಪರವಾಗಿ ಬಂದ ಮ್ಯಾನೇಜರು ಹಿಂದಿಯಲ್ಲಿ ಮಾತಾಡುವ ಮೃದು ಮನುಷ್ಯ, ಬರುವಾಗ ಬಿಸ್ಕಿಟ್ ಪ್ಯಾಕೆಟ್ ತರುತ್ತಿದ್ದರು. ಅಗಸರ ಪರವಾಗಿ ಬಂದದ್ದು ಯಾದಮ್ಮ. ಆಕೆಯನ್ನು ನೋಡಿ ನನಗೆ ಆಶ್ಚರ್ಯವಾಯಿತು. ನಮ್ಮ ಮನೆಯ ಬಟ್ಟೆ ಒಗೆಯುವವಳೇ ಆಕೆ. ಐವತ್ತು ದಾಟಿದ ವಿಧವೆ, ಗಂಡುಮಕ್ಕಳಿಲ್ಲ, ಮಗಳೊಬ್ಬಳು ಮೆದಕ್ ಕಡೆ. ನಮ್ಮ ಓಣಿಯ ಕನ್ನಡದ ಮನೆಗಳಲ್ಲಿ ಓಡಾಡಿ ಓಡಾಡಿ ಅರ್ಧ ತೆಲುಗು ಅರ್ಧ ನಮ್ಮ ಕನ್ನಡ ಮಾತಾಡುತ್ತಿದ್ದಳು. ಕುರ್ಚಿ ಕೊಟ್ಟರೂ ಕೂರದೆ ಬಾಗಿಲ ಹತ್ತಿರ ನೆಲದ ಮೇಲೆ ಕೂತಳು. ಹಾಜರಿಗೆ ಹೆಬ್ಬೆಟ್ಟು ಒತ್ತಲು ಹೇಳಿದಾಗ ಅನುಮಾನಿಸಿ ನನ್ನ ಮುಖ ನೋಡಿದಳು. "ಬಂದಿದ್ದಕ್ಕಷ್ಟ ಯಾದಮ್ಮಾ, ಮತ್ತೇನಿಲ್ಲ" ಎಂದೆ. ಒತ್ತಿದಳು.

ಸಭೆಗಳು ನಡೆದವು. ಬರೆಯುತ್ತಾ ಹೋದ ಹಾಗೆ ನನ್ನ ತಲೆ ಕೆಡುತ್ತಾ ಬಂತು. ಮ್ಯಾನೇಜರು ಮಾತಾಡಿದಾಗ ಅವರದೇ ಸರಿ ಅನ್ನಿಸುತ್ತಿತ್ತು. ಎಮ್ಮೆಯವರ ಮಲ್ಲಯ್ಯ ಎದ್ದು ನಿಂತು, ನಮ್ಮ ಎಮ್ಮೆಗಳು ಅಪ್ಪನ ಕಾಲದಿಂದ ಇಲ್ಲೇ ನೀರು ಕುಡಿಯುತ್ತಿವೆ, ವಾಸನೆ ಮಾತ್ರ ನಿಮ್ಮ ಕಾಲನಿ ಬಂದ ಮೇಲೆ ಬಂತು ಎಂದಾಗ ಅದೂ ಸರಿ ಅನ್ನಿಸುತ್ತಿತ್ತು. ಮೂರನೆಯ ಸಭೆಯಲ್ಲಿ ಇಂಜಿನಿಯರು ನಕ್ಷೆ ಹರಡಿ, ನಮ್ಮ ಓಣಿಯ ಹನ್ನೊಂದು ಮನೆಗಳ ಸಂಡಾಸದ ನೀರು ನೇರವಾಗಿ ಕುಂಟೆಗೆ ಹೋಗುತ್ತಿದೆ ಎಂದು ತೋರಿಸಿದರು. ಆ ಹನ್ನೊಂದರಲ್ಲಿ ನಮ್ಮ ಮನೆಯೂ ಒಂದು. ಅಪ್ಪ ಆ ದಿನ ಆಮೇಲೆ ಒಂದು ಸಲವೂ ಮಾತಾಡಲಿಲ್ಲ. ನಾಲ್ಕನೆಯ ಸಭೆಯಲ್ಲಿ ಎರಡು ಬಾಟಲಿ ನೀರು ಪರೀಕ್ಷೆಗೆ ಹೋಯಿತು. ಐದನೆಯದರಲ್ಲಿ ಬಂದ ಉತ್ತರವನ್ನು ಮೂರ್ತಿ ಮಾಸ್ತರರು ಮೂರು ಸಲ ಓದಿದರು. ನೀರು ಕೆಟ್ಟಿದೆ ಎಂದಿತ್ತು, ಯಾರಿಂದ ಎಂದಿರಲಿಲ್ಲ.

ಇಷ್ಟರಲ್ಲಿ ಯಾದಮ್ಮ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಮಾತಾಡಿದ್ದು ಸೊನ್ನೆ. ನಾನು ಆಕೆಯ ಹೆಸರಿನ ಮುಂದೆ ಪ್ರತಿ ಸಲ "ಆಕ್ಷೇಪ: ಇಲ್ಲ" ಎಂದು ಬರೆಯುತ್ತಿದ್ದೆ.

ಆರನೆಯ ಸಭೆ ಮಾರ್ಚ್ ಇಪ್ಪತ್ತಕ್ಕೆ. ಯುಗಾದಿ ಮುಗಿದು ಎರಡು ದಿನವಾಗಿತ್ತು. ತಪ್ಪು ಯಾರದ್ದೆಂದು ಹುಡುಕುವುದನ್ನು ಬಿಟ್ಟು ಕೆಲಸ ಏನು ಮಾಡೋಣ ಎಂದು ಮಾಸ್ತರರು ಕೇಳಿದರು. ಬೇಸಿಗೆಯ ಮೂರು ತಿಂಗಳು ಕುಂಟೆಯನ್ನು ಪೂರ್ತಿ ಬರಿದು ಮಾಡಿ ಹೂಳು ತೆಗೆಸುವುದು, ಅಲ್ಲಿಯವರೆಗೆ ಘಾಟು ಮುಚ್ಚುವುದು ಎಂದು ಇಂಜಿನಿಯರು ಹೇಳಿದರು. ಹೂಳು ಸಾಗಿಸಲು ಲಾರಿ ಕೊಡಿಸುತ್ತೇನೆ ಎಂದರು ಮ್ಯಾನೇಜರು. ಗಟಾರ ತಿರುಗಿಸುತ್ತೇವೆ ಎಂದರು ಅಪ್ಪ. ಎಮ್ಮೆಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋಗಲು ಮಲ್ಲಯ್ಯನೂ ಗೊಣಗುತ್ತಲೇ ಒಪ್ಪಿದ. ಯಾರದಾದರೂ ತಕರಾರು ಇದೆಯೇ ಎಂದು ಇಂಜಿನಿಯರು ತೆಲುಗಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಕೇಳಿದರು. ಯಾರೂ ಏನೂ ಹೇಳಲಿಲ್ಲ. "ಹಾಜರಿದ್ದ ಎಲ್ಲ ಪಕ್ಷದವರೂ ಒಪ್ಪಿದರು" ಎಂದು ನಾನು ಬರೆದೆ. ಕೆಳಗೆ ಆ ದಿನದ ಹಾಜರಿಯ ಹಾಳೆಯನ್ನು ಟಾಚಣಿ ಚುಚ್ಚಿ ಸೇರಿಸಿದೆ. ಕಚೇರಿಗೆ ಹಾಗೇ ಕಳಿಸಬೇಕು ಎಂದು ಇಂಜಿನಿಯರು ಹೇಳಿದ್ದರು. ಮನೆಗೆ ಬಂದು ಡೈರಿಯಲ್ಲಿ ಬರೆದುಕೊಂಡೆ: ಆರು ಸಭೆ, ಒಟ್ಟು ಹದಿನಾಲ್ಕು ಗಂಟೆ ಇಪ್ಪತ್ತು ನಿಮಿಷ, ಕೆಲಸ ಆಯಿತು.

ಎಂಟು ದಿನಕ್ಕೆ ಕುಂಟೆಯ ದಂಡೆಯಲ್ಲಿ ನೋಟಿಸು ಬಿತ್ತು. ಏಪ್ರಿಲ್ ಹನ್ನೊಂದರಿಂದ ಘಾಟು ಬಂದ್. ಎಲ್ಲ ಪಕ್ಷದವರ ಒಪ್ಪಿಗೆಯಿಂದ ಎಂದು ಅದರಲ್ಲಿ ಬರೆದಿತ್ತು.

ಮರುದಿನ ಮಂಗಳವಾರ. ಯಾದಮ್ಮ ಬಟ್ಟೆ ತರುವ ದಿನ. ಬಂದಳು, ಗಂಟು ಇರಲಿಲ್ಲ. ಯಾವಾಗಲೂ ಹಿತ್ತಲ ಬಾಗಿಲಿಗೆ ಬರುವವಳು ಅಂದು ಮುಂದಿನ ಬಾಗಿಲಿಗೇ ಬಂದು ನಿಂತಳು.

"ಬಿಡ್ಡಾ, ನಿನ್ನ ಬುಕ್ಕು ತಾ" ಎಂದಳು. ಬಿಡ್ಡಾ ಎಂದರೆ ಮಗೂ ಎಂದು. ಯಾವಾಗಲೂ ಹಾಗೇ ಕರೆಯುತ್ತಿದ್ದಳು. "ನಾ ಯಾವಾಗ ಒಪ್ಪಿದ್ನಿ, ಅದರಾಗ ನೋಡಿ ಹೇಳು."

ನಾನು ರಿಜಿಸ್ಟರ್ ತಂದೆ. ಪುಟ ತಿರುಗಿಸಿದೆ. ಮಾತಾಡಿದ್ದು ಸೊನ್ನೆ, ಸೊನ್ನೆ, ಸೊನ್ನೆ. ಆಕ್ಷೇಪ ಇಲ್ಲ, ಇಲ್ಲ, ಇಲ್ಲ. ಕೊನೆಗೆ ಎಲ್ಲರೂ ಒಪ್ಪಿದರು. ಒಪ್ಪಿದ ಗಳಿಗೆ ಎಲ್ಲೂ ಇರಲಿಲ್ಲ. ಯಾರದಾದರೂ ತಕರಾರು ಇದೆಯೇ ಎಂದು ಕೇಳಿದಾಗ ನೀನು ಯಾಕೆ ಸುಮ್ಮನೆ ಕೂತಿದ್ದೆ ಎಂದು ಕೇಳಿದೆ.

"ನನಗ ಮಾತಾಡಾಕ ಕಳ್ಸಿರಲಿಲ್ಲ. ಕೇಳಾಕ ಕಳ್ಸಿದ್ರು" ಎಂದಳು ಯಾದಮ್ಮ.

ಆಮೇಲೆ ಆಕೆ ಬಿಡಿಸಿ ಹೇಳಿದ್ದನ್ನು ಕೇಳಿ ಅವ್ವ ಒಲೆ ಆರಿಸಿ ಹೊರಗೆ ಬಂದಳು. ಆ ಘಾಟಿನಲ್ಲಿ ಹತ್ತೊಂಬತ್ತು ಮನೆಗಳಿವೆ. ಒಂದೊಂದು ಮನೆಗೂ ಒಂದೊಂದು ಒಗೆಯುವ ಬಂಡೆ. ಹೊರಗಿನವರು ಯಾವುದಾದರೂ ಮಾತುಕತೆಗೆ ಕರೆದರೆ ಅವರು ಹಿರಿಯರನ್ನು ಕಳಿಸುವುದಿಲ್ಲ. ಹಿರಿಯ ಹೋದರೆ ಅಲ್ಲೇ ಹೌದು ಅಲ್ಲ ಹೇಳಬೇಕಾಗುತ್ತದೆ. ಯಾರ ಮಾತು ಘಾಟಿನ ಮಾತಾಗುವುದಿಲ್ಲವೋ ಅಂಥವರನ್ನು ನೋಡಿ ಕಳಿಸುತ್ತಾರೆ. ಅವರು ಕೇಳಿಸಿಕೊಂಡು ಬಂದು ಹೇಳಬೇಕು. ಆಮೇಲೆ ಹತ್ತೊಂಬತ್ತು ಮನೆಯವರೂ ಕೂತು ಯೋಚಿಸಿ ಉತ್ತರ ಕಳಿಸುತ್ತಾರೆ. ಆರನೆಯ ಸಭೆಯ ಸುದ್ದಿಯನ್ನೂ ಯಾದಮ್ಮ ಹಾಗೆಯೇ ಒಯ್ದು ಹೇಳಿದ್ದಳು. ಅವರು ಇನ್ನೂ ಯೋಚಿಸುತ್ತಲೇ ಇದ್ದರು. ಅಷ್ಟರಲ್ಲಿ ನೋಟಿಸು ಬಂತು, ಅದರ ಹಿಂದೆ ಯಾದಮ್ಮನ ಹೆಬ್ಬೆಟ್ಟು ಇದೆ ಎಂಬ ಸುದ್ದಿಯೂ ಬಂತು. ಘಾಟನ್ನು ಬರೆದುಕೊಟ್ಟು ಬಂದವಳು ಇವಳೇ ಎಂದು ಆಕೆಯ ಬಂಡೆಯ ಮೇಲೆ ಮುಳ್ಳಿನ ಕಂಟಿ ಇಟ್ಟಿದ್ದರು. ಕಂಟಿ ಇಟ್ಟ ಬಂಡೆಯ ಮೇಲೆ ಬಟ್ಟೆ ಹಾಕುವ ಹಾಗಿಲ್ಲ. ಗುರುವಾರ ಕೂಟ. ಅಲ್ಲಿ ತಪ್ಪು ಎಂದು ತೀರ್ಮಾನವಾದರೆ ಬಂಡೆ ಬೇರೆಯವರಿಗೆ ಹೋಗುತ್ತದೆ.

"ನೀ ಬಂದಿದ್ದಕ್ಕಷ್ಟ ಅಂದಿದ್ದಿ" ಎಂದಳು. ಸಿಟ್ಟಿರಲಿಲ್ಲ, ನೆನಪು ಮಾಡಿಕೊಟ್ಟಂತೆ ಹೇಳಿದಳು. "ನಾನೂ ಹಂಗ ಹೇಳ್ದೆ. ನಂಬವಲ್ರು. ಅವರ ಚಾ ಸೈತ ಮುಟ್ಟಿಲ್ಲ ಅಂದ್ನಿ. ನೋಡಿದವ್ರು ಯಾರು ಅಂತ ಕೇಳ್ತಾರ."

ಚಹಾ ಮುಟ್ಟದಿದ್ದರೆ ಏನಾಯಿತು ಎಂದು ಅವ್ವ ಕೇಳಿದಳು. ಯಾದಮ್ಮ ನಮ್ಮನ್ನು ವಿಚಿತ್ರವಾಗಿ ನೋಡಿದಳು. ಕೇಳಲು ಹೋದವರು ಅಲ್ಲಿನ ನೀರನ್ನೂ ಮುಟ್ಟಬಾರದು, ಮುಟ್ಟಿದರೆ ಮಾತಿನಲ್ಲಿ ಪಾಲು ತೆಗೆದುಕೊಂಡ ಹಾಗೆ. ಇದು ಅವರ ಘಾಟಿನ ಪದ್ಧತಿ. ನಮಗೂ ಗೊತ್ತಿರುತ್ತದೆ ಎಂದೇ ಆಕೆ ತಿಳಿದಿದ್ದಳು. ಲೋಟ ಮುಟ್ಟದೆ ಎದ್ದು ಹೋದಾಗಲೆಲ್ಲ, ನಾನು ಇದರಲ್ಲಿ ಇಲ್ಲ ಎಂದು ಕೋಣೆಗೆಲ್ಲ ಕಾಣುವ ಹಾಗೆ ಹೇಳಿದೆ ಎಂದೇ ಆಕೆಯ ಲೆಕ್ಕ.

ನಾನು ರಿಜಿಸ್ಟರಿನ ಕೊನೆಯ ಕಾಲಂ ನೋಡಿದೆ. ಕೊಟ್ಟದ್ದು ಹದಿಮೂರು, ಕುಡಿದದ್ದು ಹನ್ನೆರಡು. ಕೊಟ್ಟದ್ದು ಹದಿನೈದು, ಕುಡಿದದ್ದು ಹದಿನಾಲ್ಕು. ಆರು ಸಭೆಗೆ ಉಳಿದದ್ದು ಆರು ಲೋಟ. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ ಷರಾ: "ಬಾಗಿಲ ಹತ್ತಿರದ್ದು ಹಾಗೇ ಉಳಿಯಿತು, ಅವ್ವನಿಗೆ ಸಿಟ್ಟು." ನಾಚಿಕೆಯಿಂದ ಕುಡಿಯುವುದಿಲ್ಲವೇನೋ ಎಂದುಕೊಂಡಿದ್ದೆ. ನಮ್ಮ ಮನೆಯ ಚಹಾ ರುಚಿಸುವುದಿಲ್ಲವೇನೋ ಎಂದು ಅವ್ವ ಬೇಸರಪಟ್ಟುಕೊಂಡಿದ್ದಳು.

ಸಂಜೆ ಅಪ್ಪನಿಗೆ ಹೇಳಿದೆ. ಗುರುವಾರ ಕೂಟಕ್ಕೆ ಹೋಗಿ ಇದನ್ನು ಓದಿ ಹೇಳುತ್ತೇನೆ ಎಂದೆ. ಅಪ್ಪ ಹೇಳಿದರು, ಹಾಗೆ ಓದಿದರೆ ನಡಾವಳಿ ಸುಳ್ಳು ಎಂದು ನಾವೇ ಒಪ್ಪಿಕೊಂಡ ಹಾಗಾಗುತ್ತದೆ, ಮೂರು ತಿಂಗಳ ಕೆಲಸ ಹಾಳಾಗುತ್ತದೆ, ಇಪ್ಪತ್ತೆರಡು ಮನೆಯವರು ಇನ್ನೊಂದು ವರ್ಷ ಅದೇ ನೀರು ಕುಡಿಯಬೇಕಾಗುತ್ತದೆ. ಅದು ಸುಳ್ಳು ಮಾತಾಗಿರಲಿಲ್ಲ. ನನ್ನ ತಂಗಿ ಆ ಚಳಿಗಾಲದಲ್ಲಿ ಎರಡು ಸಲ ಹೊಟ್ಟೆ ಕೆಟ್ಟು ಮಲಗಿದ್ದಳು. ಆ ಎರಡೂ ತಾರೀಕು ನನ್ನ ಬಳಿ ಇವೆ.

ಅವ್ವ ರೊಟ್ಟಿ ತಟ್ಟುತ್ತಲೇ ಹೇಳಿದಳು: "ಆಕಿ ಒಗಿಯೂ ಬಂಡಿ ಹೋದ್ರ ಆಕಿ ಏನ್ ತಿಂತಾಳ, ಅದನ್ನೂ ನಿಮ್ಮ ಮೀಟಿಂಗಿನ್ಯಾಗ ಠರಾವ್ ಮಾಡ್ರಿ."

ಗುರುವಾರ ಮಧ್ಯಾಹ್ನ ಅಪ್ಪ ಅರ್ಧ ದಿನ ರಜೆ ಹಾಕಿ ಬಂದರು. ಸ್ಕೂಟರಿನಲ್ಲಿ ನನ್ನನ್ನು ಘಾಟಿನವರೆಗೆ ಬಿಟ್ಟರು. ಒಳಗೆ ಬರಲಿಲ್ಲ. ಬೇವಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು ಅಲ್ಲೇ ನಿಂತರು. ಒಣಗಲು ಹಾಕಿದ ಬಟ್ಟೆ ಅಂದು ಒಂದೂ ಇರಲಿಲ್ಲ, ಹಗ್ಗಗಳು ಮಾತ್ರ. ಗಂಡಸರು, ಹೆಂಗಸರು ಸೇರಿ ನಲವತ್ತು ಜನರಾದರೂ ಇದ್ದರು. ಮೊದಲ ಬಾರಿಗೆ ನಾನು ಎಣಿಸಲಿಲ್ಲ. ಯಾದಮ್ಮ ಒಂದು ಪಕ್ಕದಲ್ಲಿ ಒಬ್ಬಳೇ ಕೂತಿದ್ದಳು. ಆಕೆಯ ಬಂಡೆ ಅಲ್ಲಿಂದ ಕಾಣುತ್ತಿತ್ತು, ಮೇಲೆ ಜಾಲಿಯ ಕಂಟಿ.

ಹಿರಿಯನ ಹೆಸರು ಅಂಜಯ್ಯ. ಓದಲು ಹೇಳಿದ. ನಾನು ತೆಲುಗಿನಲ್ಲಿ ಓದಿದೆ. ತಾರೀಕು, ಎಷ್ಟು ಲೋಟ ಹೋದವು, ಎಷ್ಟು ಖಾಲಿಯಾದವು, ಯಾವುದು ಉಳಿಯಿತು. ಎರಡನೆಯ ಸಭೆಗೆ ಬರುವಷ್ಟರಲ್ಲಿ ಗುಸುಗುಸು ನಿಂತಿತು. ನಾಲ್ಕನೆಯದಕ್ಕೆ ಒಬ್ಬ ಮುದುಕ ಆ ಕಾರ್ಖಾನೆಯ ಮ್ಯಾನೇಜರ್ ಎಷ್ಟು ಕುಡಿದ ಎಂದು ಕೇಳಿದ. ನೋಡಿ ಹೇಳಿದೆ, ಅದೇ ಲೋಟಕ್ಕೆ ಮತ್ತೆ ಹಾಕಿಸಿಕೊಂಡು ಪ್ರತಿ ಸಲ ಎರಡು. "ಹಂಗಾದ್ರೆ ಅವನು ಡಬಲ್ ಒಪ್ಪಿದ್ದಾನೆ" ಎಂದ ಮುದುಕ. ಹೆಂಗಸರೆಲ್ಲ ನಕ್ಕರು. ಯಾದಮ್ಮ ನಗಲಿಲ್ಲ. ಆರನೆಯದನ್ನು ಓದಿದ ಮೇಲೆ, ಹೆಬ್ಬೆಟ್ಟು ಬಂದದ್ದಕ್ಕೆ ಮಾತ್ರ ಎಂದು ನಾನೇ ಹೇಳಿದ್ದೆ, ಆ ಹಾಳೆಯನ್ನು ಒಪ್ಪಿಗೆಯ ಕೆಳಗೆ ಚುಚ್ಚಿದವಳೂ ನಾನೇ ಎಂದು ಹೇಳಿದೆ.

ಅಂಜಯ್ಯ ಎದ್ದು ಹೋಗಿ ಕಂಟಿಯನ್ನು ಕಾಲಿನಿಂದ ತಳ್ಳಿ ಕೆಳಗೆ ಹಾಕಿದ. ಅಷ್ಟೇ. ಯಾರೂ ಯಾದಮ್ಮನ ಕ್ಷಮೆ ಕೇಳಲಿಲ್ಲ. ಆಕೆಯೂ ನನ್ನ ಕಡೆ ನೋಡಲಿಲ್ಲ. ಹೋಗಿ ಬಂಡೆಯ ಮೇಲೆ ಉಳಿದಿದ್ದ ಮುಳ್ಳುಗಳನ್ನು ಒಂದೊಂದಾಗಿ ಆರಿಸತೊಡಗಿದಳು.

ಅಷ್ಟರಲ್ಲಿ ಒಬ್ಬ ಹೆಂಗಸು ನನ್ನ ಕೈಗೆ ಚಹಾದ ಲೋಟ ಕೊಟ್ಟಳು. ಲೋಟ ಹಿಡಿದು ಹಾಗೇ ನಿಂತುಬಿಟ್ಟೆ. ಇದನ್ನು ಕುಡಿದರೆ ನಾನು ಯಾವುದಕ್ಕೆ ಒಪ್ಪಿದ ಹಾಗೆ, ಕಾಲನಿಯ ಪರವಾಗಿಯೋ, ನನ್ನ ಪರವಾಗಿಯೋ, ಕುಡಿಯದಿದ್ದರೆ ಏನರ್ಥ. ದೂರದಲ್ಲಿ ಸ್ಕೂಟರಿನ ಹತ್ತಿರ ಅಪ್ಪ ಬೇಡ ಬೇಡ ಎನ್ನುವಂತೆ ಕೈ ಆಡಿಸುತ್ತಿದ್ದರು. ಅಂಜಯ್ಯ ನನ್ನನ್ನೂ ಅಪ್ಪನನ್ನೂ ನೋಡಿ, ಕೂಟ ಮುಗಿದಿದೆ, ಈಗ ಇದು ಬರೀ ಚಹಾ, ಕುಡಿ ಎಂದ. ಯಾವಾಗ ಅದು ಬರೀ ಚಹಾ, ಯಾವಾಗ ಅಲ್ಲ ಎಂದು ಕೇಳಬೇಕು ಅನ್ನಿಸಿತು. ಕೇಳದೆ ಕುಡಿದೆ. ನಾಲಿಗೆ ಸುಟ್ಟಿತು.

ಏಪ್ರಿಲ್ ಮೂರರ ಏಳನೆಯ ಸಭೆಯಲ್ಲಿ ನಾನು ಎದ್ದು ನಿಂತು ಹಿಂದಿನ ನಡಾವಳಿ ತಿದ್ದಬೇಕು ಎಂದೆ. ಮ್ಯಾನೇಜರು ಮೆಲ್ಲಗೆ, ಯಾವ ಸಾಲು ಸುಳ್ಳು ಎಂದು ತೋರಿಸಮ್ಮಾ ಎಂದರು. ರಿಜಿಸ್ಟರ್ ಹಿಡಿದು ಹುಡುಕಿದೆ. ಯಾದಮ್ಮ ಬಂದಿದ್ದು ನಿಜ. ಮಾತಾಡದಿದ್ದುದು ನಿಜ. ತಕರಾರು ಕೇಳಿದ್ದು ನಿಜ, ಯಾರೂ ಹೇಳದಿದ್ದುದು ನಿಜ. ಎಲ್ಲ ನಿಜಗಳನ್ನೂ ಕೂಡಿಸಿ ನಾನು ಬರೆದ ಮೊತ್ತ ಮಾತ್ರ ತಪ್ಪು. ಬೆರಳಿಟ್ಟು ತೋರಿಸಲು ಒಂದು ಸಾಲೂ ಸಿಗಲಿಲ್ಲ. ಇಂಜಿನಿಯರು, ಮೇಲಿನವರ ಸಹಿ ಆಗಿದೆ, ಈಗ ಬದಲಿಸಿದರೆ ನನ್ನ ಗತಿ ಏನು ಎಂದು ತಲೆ ಹಿಡಿದುಕೊಂಡರು.

ಸರಿ, ಇನ್ನು ಮೇಲೆ ಸುಮ್ಮನೆ ಕೂತವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕೇಳೋಣ, ಆಗ ಈ ಗೊಂದಲವೇ ಇರುವುದಿಲ್ಲ ಎಂದೆ. ಅದು ನನಗೆ ಬಹಳ ಜಾಣ ಉಪಾಯವಾಗಿ ಕಂಡಿತ್ತು. ಬಾಗಿಲ ಕಡೆ ತಿರುಗಿ, ಯಾದಮ್ಮಾ, ಘಾಟು ಮುಚ್ಚಲು ನಿಮ್ಮ ಒಪ್ಪಿಗೆ ಇದೆಯೇ ಎಂದು ಎಲ್ಲರ ಮುಂದೆ ಕೇಳಿದೆ.

ಆಕೆ ಗಾಬರಿಯಾಗಿ ಎದ್ದೇ ನಿಂತಳು. "ನನ್ನ ಕೇಳಬ್ಯಾಡ ಬಿಡ್ಡಾ. ಮತ್ತ ಕಂಟಿ ಇಡಿಸ್ತಿ ಏನು?"

ನಾನು ಕೂತುಬಿಟ್ಟೆ. ಮೂರ್ತಿ ಮಾಸ್ತರರೇ ಕೊನೆಗೆ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಒಂದು ಸಾಲು ಬರೆದರು: ಘಾಟಿನವರ ಉತ್ತರ ಘಾಟಿನಿಂದ ಬರತಕ್ಕದ್ದು, ಬರುವವರೆಗೆ ಈ ಠರಾವು ಅಪೂರ್ಣ. ಆಮೇಲೆ ಇಂಜಿನಿಯರಿಗೆ, ನಡೆಯಿರಿ, ನಿಮ್ಮ ಸಾಹೇಬರ ಹತ್ತಿರ ನಾನೂ ಬರುತ್ತೇನೆ ಎಂದರು.

ಉತ್ತರ ಆರು ದಿನಕ್ಕೆ ಬಂತು. ಅಂಜಯ್ಯನೇ ಬಂದು ಹೇಳಿದ. ಪೂರ್ತಿ ಮುಚ್ಚಬೇಡಿ, ನಡುವೆ ಮರಳಿನ ಚೀಲದ ಒಡ್ಡು ಹಾಕಿ ಅರ್ಧ ಅರ್ಧ ಮಾಡಿ, ಒಂದು ಅರ್ಧದಲ್ಲಿ ನಾವು ಸರದಿಯ ಮೇಲೆ ಒಗೆಯುತ್ತೇವೆ. ಹಾಗೇ ಆಯಿತು. ಮೊದಲ ಅರ್ಧ ಚೆನ್ನಾಗಿ ಸ್ವಚ್ಛವಾಯಿತು. ಎರಡನೆಯ ಅರ್ಧಕ್ಕೆ ಕೈ ಹಾಕುವಷ್ಟರಲ್ಲಿ ಮಳೆ ಹಿಡಿಯಿತು, ಕೆಲಸ ನಿಂತಿತು. ಬೋರಿನ ವಾಸನೆ ಸ್ವಲ್ಪ ಕಡಿಮೆಯಾಯಿತು. ಹೂಳು ತೆಗೆದದ್ದಕ್ಕೋ, ನಮ್ಮ ಗಟಾರ ತಿರುಗಿಸಿದ್ದಕ್ಕೋ, ಮಳೆಗೋ, ಯಾರಿಗೂ ಗೊತ್ತಿಲ್ಲ. ಫೋರ್‌ಮನ್ನರ ಮಗಳು ನಡುವೆ ಬಾಯಿ ಹಾಕದಿದ್ದರೆ ಪೂರ್ತಿ ಆಗುತ್ತಿತ್ತು ಎಂದು ಓಣಿಯ ನಾಲ್ಕು ಮನೆಯವರು ಅಂದರು. ಇನ್ನು ಮೂರು ಮನೆಯವರು ಒಳ್ಳೆಯದು ಮಾಡಿದೆ ಎಂದರು. ಉಳಿದವರು ಏನೂ ಅನ್ನಲಿಲ್ಲ. ಅವರನ್ನು ಯಾವ ಕಡೆ ಹಾಕಬೇಕು ಎಂದು ನನಗೆ ತಿಳಿಯದೆ ಆ ಪುಟದಲ್ಲಿ ಹಾಗೇ ಜಾಗ ಬಿಟ್ಟಿದ್ದೇನೆ.

ಸೆಪ್ಟೆಂಬರಿನಲ್ಲಿ ಒಂದು ದಿನ ಕಾಲೇಜಿನಿಂದ ಬರುವಾಗ ಘಾಟಿನ ಹಾದಿ ಹಿಡಿದೆ. ಯಾದಮ್ಮ ತನ್ನ ಬಂಡೆಯ ಮೇಲೆ ಚಾದರ ಬಡಿಯುತ್ತಿದ್ದಳು. ಹತ್ತಿರದಲ್ಲಿ ಯಾರೂ ಇರಲಿಲ್ಲ. ಬಹಳ ದಿನದಿಂದ ತಲೆಯಲ್ಲಿದ್ದುದನ್ನು ಕೇಳಿದೆ. ಘಾಟಿನವರದ್ದು ಬಿಡು, ನಿನಗೆ ಏನು ಬೇಕಿತ್ತು?

ಆಕೆ ಅತ್ತಿತ್ತ ನೋಡಿದಳು. ಕೈ ಒರೆಸಿಕೊಂಡು ನನ್ನ ಮುಂದೆ ಹಿಡಿದಳು. ಬೆರಳ ಸಂದುಗಳಲ್ಲಿ ಚರ್ಮ ಸುಲಿದು ಕೆಂಪಾಗಿತ್ತು, ಒಂದೆರಡು ಕಡೆ ಬಿರುಕು ಬಿಟ್ಟು ರಕ್ತ ಒಸರಿತ್ತು.

"ನನಗ ಒಮ್ಮಿಗೇ ಪೂರಾ ಖಾಲಿ ಮಾಡಿ ತೊಳದ್ರ ಬೇಸಿತ್ತು. ಮೂರು ತಿಂಗಳು ಮಗಳ ಹತ್ರ ಹೋಗಿ ಇದ್ದು ಬರ್ತಿದ್ನಿ. ಈ ಅರ್ಧ ಮಾಡಿ ಏನ್ ಬಂತು? ಅದಾ ನೀರು, ಅದಾ ಕೈ."

"ಹಂಗಾದ್ರ ನಾ ಬರದದ್ದು ಖರೇನ ಆತಲ್ಲ ಯಾದಮ್ಮಾ?" ಎಂದೆ.

"ಖರೇ ಹೆಂಗಾಗ್ತದ? ನಾ ಹೇಳಿದ್ನ್ಯಾ?" ಎಂದು ಮತ್ತೆ ಚಾದರ ಎತ್ತಿದಳು. ಎರಡು ಏಟು ಹಾಕಿ ನಿಲ್ಲಿಸಿ, "ಇದನ್ನ ಬುಕ್ಕಿನ್ಯಾಗ ಬರೀಬ್ಯಾಡ ಮತ್ತ" ಎಂದಳು.

ನಾನು ಬರೆಯಲಿಲ್ಲ. ಆ ದಿನದ ಪುಟದಲ್ಲಿ ಕಾಲೇಜಿನ ವಿಷಯ ಮಾತ್ರ ಇದೆ.

ಈಗ ಮೂರು ವರ್ಷವಾಗುತ್ತಾ ಬಂತು. ನಾನು ಬೇಗಂಪೇಟೆಯ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಅಲ್ಲೂ ಸಭೆಗಳಾಗುತ್ತವೆ, ಅಲ್ಲೂ ನನಗೇ ಬರೆಯಲು ಹೇಳುತ್ತಾರೆ. ಯಾರೋ ಒಬ್ಬರು ಮಾತಾಡದೆ ಕೂತಿದ್ದರೆ ನನ್ನ ಪೆನ್ನು ನಿಲ್ಲುತ್ತದೆ. ಕೇಳಿದರೆ ಅವರಿಗೆ ತೊಂದರೆಯೋ, ಕೇಳದಿದ್ದರೆ ತೊಂದರೆಯೋ ಎಂದು ಅವರ ಮುಖವನ್ನೇ ನೋಡುತ್ತೇನೆ. ಮುಖ ನೋಡಿ ತಿಳಿಯುವ ವಿದ್ಯೆ ನನಗೆ ಇನ್ನೂ ಬಂದಿಲ್ಲ.

ಈ ಅನುಭವವನ್ನು ಪತ್ರಿಕೆಗೆ ಬರೆಯಬೇಕು ಅನ್ನಿಸಿದಾಗ ಮೊದಲು ಯಾದಮ್ಮನ ಹತ್ತಿರ ಹೋದೆ. ನೀನು ಆ ದಿನ ಬಂಡೆಯ ಹತ್ತಿರ ಹೇಳಿದ್ದನ್ನೂ ಬರೆಯಲೇ ಎಂದು ಕೇಳಿದೆ. ಯಾವ ಭಾಷೆಯಲ್ಲಿ ಎಂದು ಕೇಳಿದಳು. ಕನ್ನಡದಲ್ಲಿ ಎಂದೆ.

"ನಮ್ಮೋರಿಗೆ ಯಾರಿಗೂ ಓದಾಕ ಬರಂಗಿಲ್ಲ. ಬರ್ಕೋ" ಎಂದಳು.

ಒಂದು ಮಾತನ್ನೇ ಒಪ್ಪಿಗೆ ಎಂದು ಬರೆದುಕೊಳ್ಳುವ ಅವಸರ ಈ ಸಲ ಮಾಡಬಾರದೆಂದು ಅಲ್ಲೇ ನಿಂತುಕೊಂಡೆ. ಆಕೆ ಒಂದು ಅಂಗಿ ಹಿಂಡಿದಳು, ಇನ್ನೊಂದು ಹಿಂಡಿದಳು. ಮೂರನೆಯದು ಹಿಂಡುವಾಗ ತಲೆ ಎತ್ತಿ, ಇನ್ನೂ ಯಾಕೆ ನಿಂತಿದ್ದಿ, ಹೇಳಿದೆನಲ್ಲ ಎಂದಳು.